ಹಳೇ ಮಸ್ಟಾಂಗ್ ಕೊಳ್ಳುವಾಗ 2010, 2012, 2015ರಲ್ಲಿ ಯಾವುದು?

ನೀವು ನ್ಯೂಜೆರ್ಸಿಯಲ್ಲಿದ್ದೀರಿ, ಹದಿನೆಂಟು ಸಾವಿರ ಡಾಲರ್ ದಾಟಬಾರದು ಅಂದಿದ್ದೀರಿ, ಮೂರು ಕಾರು ನೋಡಿಟ್ಟಿದ್ದೀರಿ. ಕಡಿಮೆ ಓಡಿದ 2010ರ ಫೋರ್ಡ್ ಮಸ್ಟಾಂಗ್ ಜಿಟಿ, ಸ್ವಲ್ಪ ಜಾಸ್ತಿ ಓಡಿದ 2012ರ ಜಿಟಿ, ಇನ್ನೊಂದು 2015ರ ಇಕೋಬೂಸ್ಟ್. ಹೊಸ ವರ್ಷದ್ದೇ ಒಳ್ಳೆಯದಲ್ವಾ ಅಂತ ಕೇಳಿದ್ದೀರಿ. ನಾನು ಒಹಾಯೊದಲ್ಲಿ ಏಳು ವರ್ಷದಿಂದ 2013ರ ಜಿಟಿ ಓಡಿಸುತ್ತಿದ್ದೇನೆ. ತಗೊಳ್ಳುವ ಮೊದಲು ನಾಲ್ಕು ತಿಂಗಳು ಇದೇ ಲೆಕ್ಕ ಹಾಕಿದ್ದೆ. ನನ್ನ ಉತ್ತರ 2012.

2010 ಮತ್ತು 2012ರ ಕಾರುಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮುಖ ಒಂದೇ, ಡ್ಯಾಶ್‌ಬೋರ್ಡ್ ಹೆಚ್ಚುಕಡಿಮೆ ಒಂದೇ. ಬಾನೆಟ್ ಎತ್ತಿದರೆ ಮಾತ್ರ ಕಥೆ ಬೇರೆ. 2010ರಲ್ಲಿ ಇರುವುದು ಹಳೆಯ 4.6 ಲೀಟರ್ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, 315 ಎಚ್‌ಪಿ, ಐದು ಗೇರು. 2011ರಲ್ಲಿ ಫೋರ್ಡ್ ಅದನ್ನು ತೆಗೆದು ಹೊಸ 5.0 ಲೀಟರ್ ವಿ8 ಹಾಕಿತು. ಕಯೋಟಿ ಅಂತ ಎಲ್ಲರೂ ಕರೆಯುವುದು ಅದನ್ನೇ. 412 ಎಚ್‌ಪಿ, ಆರು ಗೇರು. ಒಂದೇ ವರ್ಷದಲ್ಲಿ ಸುಮಾರು ನೂರು ಎಚ್‌ಪಿ ಏರಿತು. ಅದೇ 2011ರಲ್ಲಿ ಬಂದ 3.7 ಲೀಟರ್ ವಿ6ಗೇ 305 ಎಚ್‌ಪಿ ಇದೆ. ನಿಮ್ಮ 2015ರ ಇಕೋಬೂಸ್ಟ್ 2.3 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ, 310 ಎಚ್‌ಪಿ. ಅಂದರೆ 2010ರ ವಿ8, ವಿ6, ಇಕೋಬೂಸ್ಟ್ ಮೂರೂ ಕಾಗದದ ಮೇಲೆ ಒಂದೇ ಸಾಲಿನಲ್ಲಿ ಕೂರುತ್ತವೆ, ನೀವು ನೋಡಿಟ್ಟಿರುವ 2012ರ ಜಿಟಿ ಒಂದೇ ಆ ಸಾಲು ಬಿಟ್ಟು ಮುಂದೆ ಹೋಗುತ್ತದೆ.

ಹಾಗಂತ 2010 ಕೆಟ್ಟ ಕಾರಲ್ಲ. ಆ 4.6 ಎಂಜಿನ್ ಬಗ್ಗೆ ಎಲ್ಲರೂ ಹೆದರಿಸುವುದು ಸ್ಪಾರ್ಕ್ ಪ್ಲಗ್ ವಿಷಯಕ್ಕೆ. ಎರಡು ತುಂಡು ಸೇರಿಸಿ ಮಾಡಿದ ಪ್ಲಗ್ ಅದು, ಮಸಿ ಕಟ್ಟಿ ಅಂಟಿಕೊಂಡು, ಬಿಚ್ಚುವಾಗ ಕೆಳಗಿನ ತುದಿ ಮುರಿದು ಹೆಡ್ ಒಳಗೇ ಉಳಿದುಬಿಡುತ್ತಿತ್ತು. ಆದರೆ ಅದು 2005ರಿಂದ 2008ರ ಶುರುವಿನ ತನಕದ ಕಾರುಗಳ ತೊಂದರೆ, 2010ಕ್ಕೆ ಇಲ್ಲ. 2010ರಲ್ಲಿ ಕೇಳಿಸಿಕೊಳ್ಳಬೇಕಾದ್ದು ಬೇರೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಂತಲ್ಲೇ ಡೀಸೆಲ್ ಗಾಡಿಯ ಹಾಗೆ ಟಕಟಕ ಅಂದರೆ ಕ್ಯಾಮ್ ಫೇಸರ್, ಅಂದರೆ ವಾಲ್ವ್ ತೆರೆಯುವ ಸಮಯ ಹೊಂದಿಸುವ ಭಾಗ, ಸವೆದಿರಬಹುದು. ಆಯಿಲ್ ಸರಿಯಾಗಿ ಬದಲಾಯಿಸದ ಕಾರಿನಲ್ಲಿ ಇದು ಜಾಸ್ತಿ, ರಿಪೇರಿ ದುಬಾರಿ.

ಇನ್ನೊಂದು ವಿಷಯ, ಇದಕ್ಕೆ ನಾನೇ ಸಾಕ್ಷಿ. 2011ರ ಜಿಟಿ ಅಂತ ಜಾಹೀರಾತು ನೋಡಿ ಎರಡು ಗಂಟೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಮುಂದಿನ ಫೆಂಡರ್ ಮೇಲೆ 5.0 ಅನ್ನುವ ಬ್ಯಾಡ್ಜ್ ಇತ್ತು. ಒಳಗೆ ಕೂತು ಗೇರ್ ಲಿವರ್ ಮೇಲೆ ಕೈ ಇಟ್ಟೆ, ತಲೆಯ ಮೇಲೆ ಕೆತ್ತಿದ ಅಂಕಿ ನೋಡಿದರೆ ಒಂದರಿಂದ ಐದು. ಆರು ಇಲ್ಲ. ಇಳಿದು ಬ್ಯಾಡ್ಜಿನ ಅಂಚಿಗೆ ಉಗುರು ತಾಗಿಸಿದೆ, ಕೆಳಗೆ ಅಂಟಿಸಿದ ಟೇಪಿನ ಸ್ಪಂಜು ಮೆತ್ತಗೆ ಸಿಕ್ಕಿತು. ವಿನ್, ಅಂದರೆ ಪ್ರತಿ ಕಾರಿಗೂ ಇರುವ ಗುರುತಿನ ನಂಬರು, ಅದರ ಹತ್ತನೇ ಅಕ್ಷರ ಎ. ಅಂದರೆ 2010. ಮಾರುವವನಿಗೂ ಗೊತ್ತಿರಲಿಲ್ಲವೋ ಏನೋ, ಅವನೂ ಇನ್ನೊಬ್ಬರಿಂದ ತಗೊಂಡಿದ್ದನಂತೆ. ನನಗಂತೂ ಆವತ್ತು ತುಂಬಾ ಬೇಜಾರಾಯಿತು.

ಆದ್ದರಿಂದ ಹೋಗುವ ಮೊದಲೇ ವಿನ್ ಕೇಳಿ. ಹತ್ತನೇ ಅಕ್ಷರ ಬಿ ಇದ್ದರೆ 2011, ಸಿ 2012, ಡಿ 2013, ಇ 2014, ಎಫ್ 2015. ಎಂಟನೇ ಅಕ್ಷರ ಎಂಜಿನ್ ಹೇಳುತ್ತದೆ: ಈ ಜಿಟಿಗಳಲ್ಲಿ ಎಚ್ ಇದ್ದರೆ 4.6, ಎಫ್ ಇದ್ದರೆ 5.0. ಬಾಗಿಲ ಪಕ್ಕದ ಸ್ಟಿಕರಿನಲ್ಲಿ ತಯಾರಾದ ತಿಂಗಳು ಇರುತ್ತದೆ, ಅದನ್ನು ನೋಡಿ ಗೊಂದಲ ಮಾಡಿಕೊಳ್ಳಬೇಡಿ. 2011ರ ಮಾಡೆಲ್ 2010ರಲ್ಲೇ ಮಾರುಕಟ್ಟೆಗೆ ಬಂದಿತ್ತು, ಹಾಗಾಗಿ 2010ರ ತಾರೀಖು ಇರುವ ಕಾರು ಅಸಲಿ 2011 ಆಗಿರಬಹುದು. ಲೆಕ್ಕಕ್ಕೆ ಬರುವುದು ವಿನ್.

2011ರಿಂದ 2014ರ ತನಕ ನಾಲ್ಕು ವರ್ಷದ್ದೂ ಒಳಗೆ ಒಂದೇ ಕಾರು. 2013ರಲ್ಲಿ ಮುಖ ಬದಲಾಯಿತು, ಬಾನೆಟ್ ಮೇಲೆ ಗಾಳಿಕಿಂಡಿ ಬಂತು, 420 ಎಚ್‌ಪಿ ಆಯಿತು. ಆ ಎಂಟು ಎಚ್‌ಪಿ ಓಡಿಸುವಾಗ ಗೊತ್ತೇ ಆಗುವುದಿಲ್ಲ. ನಾನು 2013 ತಗೊಂಡಿದ್ದು ಆ ಕಾರನ್ನು ಇಟ್ಟುಕೊಂಡಿದ್ದವರು ಪ್ರತಿ ಆಯಿಲ್ ಚೇಂಜ್ ರಸೀದಿಯನ್ನೂ ಜೋಪಾನವಾಗಿ ಇಟ್ಟಿದ್ದರು ಅನ್ನುವ ಕಾರಣಕ್ಕೆ, ವರ್ಷಕ್ಕಲ್ಲ. ಈ ನಾಲ್ಕು ವರ್ಷದೊಳಗೆ ದುಡ್ಡು ಕೊಡಬೇಕಾದ್ದು ಬ್ರೆಂಬೊ ಕಂಪನಿಯ ಬ್ರೇಕ್ ಪ್ಯಾಕೇಜಿಗೆ ಮತ್ತು ಆಕ್ಸಲ್ ರೇಶಿಯೊಗೆ, ಅಂದರೆ ಹಿಂದಿನ ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕಕ್ಕೆ. 3.31 ಇದ್ದರೆ ಹೈವೇಯಲ್ಲಿ ಆರಾಮು. 3.73 ಇದ್ದರೆ ಸಿಗ್ನಲ್ಲಿನಿಂದ ಹೊರಡುವಾಗಲೇ ಬೆನ್ನು ಸೀಟಿಗೆ ಅಂಟುತ್ತದೆ.

ನಿಮ್ಮ 2012 ಮ್ಯಾನ್ಯುಯಲ್ ಅಂದಿರಲ್ಲ, ಅದರ ಗೇರ್‌ಬಾಕ್ಸ್ ಹೆಸರು ಎಂಟಿ82. ಇದರ ಬಗ್ಗೆ ದೂರು ಬಹಳ ಇದೆ, ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲೇ ಬಿಸಿ ಮಾಡಿಡಬೇಡಿ ಅಂತ ಹೇಳಿ. ಒಂದರಿಂದ ಎರಡಕ್ಕೆ ನಿಧಾನವಾಗಿ ಹಾಕಿ ನೋಡಿ. ಬಿಸಿಯಾದ ಮೇಲೆ ಎರಡರಿಂದ ಮೂರಕ್ಕೆ ಸ್ವಲ್ಪ ಜೋರಾಗಿ ಹಾಕಿ. ಕರಕರ ಅಂದರೆ ಅಥವಾ ಗೇರು ಒಳಗೆ ಹೋಗಲು ಒಪ್ಪದಿದ್ದರೆ ನಮಸ್ಕಾರ ಹೇಳಿ ಬಂದುಬಿಡಿ.

2015ರ ದೊಡ್ಡ ಲಾಭ ಹಿಂದಿನ ಸಸ್ಪೆನ್ಶನ್. 2014ರ ತನಕ ಹಿಂದೆ ಒಂದೇ ಗಟ್ಟಿ ಆಕ್ಸಲ್. ನನ್ನ ಕಾರಿನಲ್ಲಿ ಹೈವೇ ತಿರುವಿನ ಮಧ್ಯೆ ಸೇತುವೆಯ ಜಾಯಿಂಟ್ ಸಿಕ್ಕರೆ ಹಿಂಭಾಗ ಒಂದು ಸಲ ಪಕ್ಕಕ್ಕೆ ಹಾರಿದ ಹಾಗೆ ಆಗುತ್ತದೆ. 2015ರಲ್ಲಿ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಶನ್ ಬಂತು, ಆ ಹಾರಾಟ ಇಲ್ಲ. ದಿನಾ ಆಫೀಸಿಗೆ, ಮನೆಯವರನ್ನೂ ಕೂರಿಸಿಕೊಂಡು ಓಡಾಡುವುದೇ ಜಾಸ್ತಿ ಆದರೆ ಇಕೋಬೂಸ್ಟ್ ತಗೊಳ್ಳಿ, ತಪ್ಪಿಲ್ಲ. ಆದರೆ ನೀವೇ ಬರೆದಿದ್ದೀರಿ, ಚಿಕ್ಕಂದಿನಿಂದ ಆ ಸದ್ದಿಗೆ ಆಸೆಪಟ್ಟವನು ಅಂತ. ನಾಲ್ಕು ಸಿಲಿಂಡರಿನಲ್ಲಿ ಆ ಸದ್ದು ಬರುವುದಿಲ್ಲ. 2015ರ ಜಿಟಿ, 435 ಎಚ್‌ಪಿ, ಎರಡೂ ಆಸೆ ತೀರಿಸುತ್ತದೆ, ಸ್ವಲ್ಪ ದುಡ್ಡು ಕೂಡಿಸಿಕೊಂಡು ಕಾಯುವ ತಾಳ್ಮೆ ಇದ್ದರೆ ಅದನ್ನೂ ಯೋಚಿಸಿ.

ಯಾವುದೇ ತಗೊಳ್ಳಿ, ಲಿಫ್ಟ್ ಮೇಲೆ ಹತ್ತಿಸಿ ಕೆಳಗೆ ನೋಡಿಸಿ. ನಿಮ್ಮ ಕಡೆಯೂ ನಮ್ಮ ಕಡೆಯೂ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಬ್ರೇಕ್ ಪೈಪು, ಆಕ್ಸಲ್ ತುಕ್ಕು ಹಿಡಿಯುತ್ತವೆ. ಬಾನೆಟ್ ಅಲ್ಯೂಮಿನಿಯಂ, ಅದರ ಮುಂದಿನ ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿದೆಯಾ ಅಂತ ಬೆರಳಾಡಿಸಿ ನೋಡಿ. 2005ರಿಂದ 2014ರ ಮಸ್ಟಾಂಗ್‌ಗಳು ತಕಾಟಾ ಕಂಪನಿಯ ದೋಷವಿರುವ ಏರ್‌ಬ್ಯಾಗ್ ರೀಕಾಲ್‌ನಲ್ಲಿ ಇವೆ. ಅಮೆರಿಕದ ರಸ್ತೆ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ವಿನ್ ಹಾಕಿದರೆ ಬದಲಾಯಿಸಿದ್ದಾರೋ ಇಲ್ಲವೋ ಗೊತ್ತಾಗುತ್ತದೆ, ಬಾಕಿ ಇದ್ದರೆ ಪುಕ್ಕಟೆ ಮಾಡಿಕೊಡುತ್ತಾರೆ. ಇದು ಜೀವದ ಪ್ರಶ್ನೆ, ಮರೆಯಬೇಡಿ. ಇನ್ಶೂರೆನ್ಸ್ ಎಷ್ಟಾಗುತ್ತೆ ಅಂತಲೂ ಮೂರೂ ವಿನ್ ಕೊಟ್ಟು ಮೊದಲೇ ಕೇಳಿ, ನಿಮ್ಮ ಇಲ್ಲಿನ ಲೈಸೆನ್ಸ್ ಹೊಸದು ಅಲ್ವಾ.

ಕೊನೆಗೆ ಬೆಂಗಳೂರಿಗೆ ತಗೊಂಡು ಹೋಗಬಹುದಾ ಅಂತ ಕೇಳಿದ್ದಿರಿ. ಆಗುವುದಿಲ್ಲ. ಹಳೇ ಕಾರು ಭಾರತಕ್ಕೆ ತರಬೇಕಾದರೆ ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ಇವೆಲ್ಲ ಎಡಗಡೆಯವು.

2012ರದ್ದರ ಬಾಗಿಲ ಸ್ಟಿಕರಿನ ಫೋಟೊ ತರಿಸಿಕೊಂಡು, ವಿನ್ ಕೊನೆಯ ಅಂಕಿಗಳನ್ನು ಮುಚ್ಚಿ, ಕೆಳಗೆ ಹಾಕಿ. ಆಕ್ಸಲ್ ಕೋಡ್ ನೋಡಿ ಯಾವ ರೇಶಿಯೊ ಅಂತ ಹೇಳುತ್ತೇನೆ.