ಒರಳು ಇರಲಿ, ಮಿರ್ಚಿ ಬಜ್ಜಿ ಬೇಡ

ನಮಸ್ಕಾರ ಮೇಷ್ಟ್ರೇ,

ನಿಮ್ಮ ಮಕ್ಕಳ ಪುಸ್ತಕ ‘ಉಲ್ಟಾ ಒರಳು’ವಿನ ಹಸ್ತಪ್ರತಿ ಕೈಸೇರಿ ಒಂದೂವರೆ ತಿಂಗಳಾಯಿತು. ತಡವಾಗಿದ್ದಕ್ಕೆ ಕ್ಷಮಿಸಿ. ಎರಡು ಸಲ ಓದಿದೆ. ಒಂದು ಸಲ ನನ್ನಷ್ಟಕ್ಕೆ, ಇನ್ನೊಂದು ಸಲ ಮೂರನೇ ಕ್ಲಾಸಿನ ನನ್ನ ಅಕ್ಕನ ಮಗಳಿಗೆ ಗಟ್ಟಿಯಾಗಿ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಪತ್ರದ ತುಂಬ ಅದನ್ನೇ ಹುಡುಕುತ್ತಾ ಕೂರುತ್ತೀರಿ. ಹಾಗಂತ ಸುಮ್ನೆ ವಾಪಸ್ ಕಳಿಸುವ ಮನಸ್ಸೂ ಬರುತ್ತಿಲ್ಲ. ಅದಕ್ಕೆ ಕಾರಣ ಆ ಒರಳು.

ಅಣ್ಣ ಚಿನ್ನು, ತಂಗಿ ಪುಟ್ಟಿ, ದಸರಾ ರಜೆ, ಹೊಸಪೇಟೆಯ ಅಜ್ಜಿಮನೆ. ಹಿತ್ತಲಲ್ಲಿ ಒರಳುಕಲ್ಲು. ಗುಂಡನ್ನು ಉಲ್ಟಾ ತಿರುಗಿಸಿದರೆ ಕಾಲ ಹಿಂದಕ್ಕೆ ಹೋಗುತ್ತದೆ! ಓದಿ ಜೋರಾಗಿಯೇ ನಕ್ಕೆ. ನನ್ನ ಮೇಜಿಗೆ ಬರುವ ಟೈಮ್ ಟ್ರಾವೆಲ್ ಕಥೆಗಳಲ್ಲಿ ಸಾಮಾನ್ಯವಾಗಿ ಒಬ್ಬ ವಿಜ್ಞಾನಿ ಮಾವ ಇರುತ್ತಾರೆ, ಅವರ ಶೆಡ್ಡಿನಲ್ಲಿ ನೀಲಿ ಬೆಳಕಿನ ಒಂದು ಪೆಟ್ಟಿಗೆ ಇರುತ್ತದೆ. ನಿಮ್ಮ ಯಂತ್ರಕ್ಕೆ ಉದ್ದಿನ ಹಿಟ್ಟು ಮೆತ್ತಿದೆ. ಇಂಥದ್ದು ಕೇಳಿದರೆ ಸಿಗುವುದಿಲ್ಲ.

ಆದರೆ ನಾಲ್ಕನೇ ಪುಟದಲ್ಲಿ ಆ ಒರಳು ಮಾಯವಾಗುತ್ತದೆ. ಮತ್ತೆ ಬರುವುದೇ ಇಲ್ಲ. ಕೊನೆಯಲ್ಲಿ ಮಕ್ಕಳು ‘ಕಣ್ಣು ಮುಚ್ಚಿ ಅಜ್ಜಿಯನ್ನು ನೆನೆದರು, ಕಣ್ಣು ತೆರೆದರೆ ಮನೆ’. ನಮ್ಮ ಹುಡುಗಿ ಅಲ್ಲೇ ತಡೆದಳು. “ಹಂಗಾದ್ರೆ ಮೊದಲೇ ಕಣ್ಣು ಮುಚ್ಚಬಹುದಿತ್ತಲ್ಲ?” ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ?

ಒರಳಿಗೆ ಒಂದು ನಿಯಮ ಬೇಕು. ಒಂದು ಸುತ್ತಿಗೆ ಒಂದು ವರ್ಷ ಅಂತಿಟ್ಟುಕೊಳ್ಳಿ. ನಿಮ್ಮ ಮಕ್ಕಳು ಹೋಗುವುದು ಕೃಷ್ಣದೇವರಾಯನ ವಿಜಯನಗರಕ್ಕೆ; 1520ಕ್ಕೆ ಹೋಗಲು ಐನೂರಕ್ಕೂ ಹೆಚ್ಚು ಸುತ್ತು ತಿರುಗಿಸಬೇಕು. ಚಿನ್ನುವಿನ ರಟ್ಟೆ ಬಿದ್ದುಹೋಗುತ್ತದೆ. ಪುಟ್ಟಿ ಎಣಿಸುತ್ತಾಳೆ. ಮುನ್ನೂರರ ಹತ್ತಿರ ಅಜ್ಜಿ ಒಳಗಿಂದ “ಏನ್ರೋ ಅದು ಸದ್ದು?” ಅಂತಾರೆ. ಪುಟ್ಟಿ “ಏನಿಲ್ಲ ಅಜ್ಜೀ” ಅಂತಾಳೆ, ಲೆಕ್ಕ ತಪ್ಪುತ್ತದೆ. ಅಲ್ಲಿಂದ ಕಥೆ ತಾನಾಗಿ ಓಡುತ್ತದೆ. ಇನ್ನೊಂದು ಭಯವನ್ನೂ ಸೇರಿಸಿ: ಸಂಜೆ ಅಜ್ಜಿ ನಾಳೆಯ ದೋಸೆಗೆ ರುಬ್ಬಲು ಕೂರುತ್ತಾರೆ. ಅವರು ತಿರುಗಿಸಿದರೆ ಮಕ್ಕಳು ಎಲ್ಲಿಗೆ ಹೋಗಿ ಬೀಳುತ್ತಾರೋ! ಸಾಮ್ರಾಜ್ಯ ಉಳಿಸುವುದಕ್ಕಿಂತ ಈ ಗಡಿಬಿಡಿ ಎಂಟು ವರ್ಷದ ಓದುಗರಿಗೆ ಜಾಸ್ತಿ ಅರ್ಥವಾಗುತ್ತದೆ.

ಈಗ ದೊಡ್ಡ ತಕರಾರು. ನಿಮ್ಮ ಪುಸ್ತಕದಲ್ಲಿ ಇತಿಹಾಸ ಒಂದು ಕಡೆ ಇದೆ, ನಗು ಇನ್ನೊಂದು ಕಡೆ ಇದೆ. ಎರಡೂ ಪರಸ್ಪರ ಮಾತಾಡುವುದಿಲ್ಲ. ಒಂದು ಪುಟ ಪಾಠ, ಆಮೇಲೆ ಮಕ್ಕಳು ಆಕಳಿಸಬಾರದು ಅಂತ ಒಂದು ಹೂಸಿನ ಜೋಕು. ನೀವೇ ನೋಡಿ, ಹನ್ನೆರಡನೇ ಪುಟ:

“ನೋಡು ಮಗು, ಇದೇ ವಿಜಯನಗರ ಸಾಮ್ರಾಜ್ಯ. 1336ರಲ್ಲಿ ಹರಿಹರ ಬುಕ್ಕರಿಂದ ಸ್ಥಾಪಿಸಲ್ಪಟ್ಟ ಈ ಸಾಮ್ರಾಜ್ಯವು ಕಲೆ, ಸಾಹಿತ್ಯ ಹಾಗೂ ವಾಸ್ತುಶಿಲ್ಪಗಳಿಗೆ ಅಪಾರ ಪ್ರೋತ್ಸಾಹವನ್ನು ನೀಡಿತು” ಎಂದಳು ಹೂವಾಡಗಿತ್ತಿ.

ಪಾಪ, ಹೂವಾಡಗಿತ್ತಿ! ಅವಳಿಗೆ 1336 ಅನ್ನುವ ಅಂಕಿಯೇ ಗೊತ್ತಿರಲಾರದು. ಅವಳು ಬದುಕಿದ್ದು ಸಂವತ್ಸರದ ಲೆಕ್ಕದಲ್ಲಿ. 1520ರ ದಸರೆ ಹೊತ್ತಿಗೆ ವಿಕ್ರಮ ಸಂವತ್ಸರ ನಡೆಯುತ್ತಿತ್ತು. ಹಾಗಾದರೆ ಹೀಗೆ ಬರೆದರೆ?

“ಅಮ್ಮಾ, ಇದು ಯಾವ ವರ್ಷ?”
“ವಿಕ್ರಮ.”
“ನಿಮ್ಮ ಮಗನ ಹೆಸರು ಕೇಳಲಿಲ್ಲ, ವರ್ಷ ಕೇಳಿದ್ದು.”
“ಅದೇ ಹೇಳಿದ್ನಲ್ಲೋ, ವಿಕ್ರಮ!”
“ನಮ್ಮ ಕ್ಲಾಸಲ್ಲಿ ಇಬ್ಬರು ವಿಕ್ರಮ್ ಇದ್ದಾರೆ” ಎಂದಳು ಪುಟ್ಟಿ, ಸುಮ್ಮನಿರಲಾರದೆ.

ಇಲ್ಲಿ ಪಾಠವೂ ಇದೆ, ನಗುವೂ ಇದೆ, ಬೇರೆ ಬೇರೆ ಇಲ್ಲ. ಇದರಲ್ಲಿ ಒಂದು ಬೋನಸ್ ಕೂಡ ಇದೆ. ವಿಕ್ರಮ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪುಟ್ಟಿಯ ಲೆಕ್ಕ ತಪ್ಪಿದೆ. ಹಾಗಾದರೆ ಇದು 1460ರ ವಿಕ್ರಮವೋ, 1520ರದ್ದೋ, 1580ರದ್ದೋ? ಮನೆಗೆ ಹೋಗಲು ಎಷ್ಟು ಸುತ್ತು ತಿರುಗಿಸಬೇಕು? ನಾಲ್ಕನೇ ಅಧ್ಯಾಯ ಪೂರ್ತಿ ಇದರ ಮೇಲೆ ನಿಲ್ಲಿಸಬಹುದು.

ಮಿರ್ಚಿ ಬಜ್ಜಿಗೆ ಬರುತ್ತೇನೆ. ಇಪ್ಪತ್ತನೇ ಪುಟದಲ್ಲಿ ಹಂಪಿಯ ಬೀದಿಯಲ್ಲಿ ಚಿನ್ನು ಮಿರ್ಚಿ ಬಜ್ಜಿ ತಿನ್ನುತ್ತಾನೆ, ಮನೆಗೆ ಆಲೂ ಬೋಂಡಾ ಕಟ್ಟಿಸಿಕೊಳ್ಳುತ್ತಾನೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ ಎಲ್ಲವೂ ಅಮೆರಿಕ ಖಂಡದ ಬೆಳೆಗಳು. ಇಂಥ ಬೆಳೆಗಳನ್ನು ಇಲ್ಲಿಗೆ ತಂದ ಪೋರ್ಚುಗೀಸರು ಗೋವೆ ಹಿಡಿದದ್ದೇ 1510ರಲ್ಲಿ. ವಿಜಯನಗರದ ಬೀದಿಯಲ್ಲಿ ಬಜ್ಜಿಗೆ ಮೆಣಸಿನಕಾಯಿ ಸಿಗುವ ಕಾಲ ಅದಲ್ಲ. (ಪರಂಗಿ ಹಣ್ಣು ಎಲ್ಲಿಂದ ಬಂತು ಅಂತ ಹೆಸರೇ ಹೇಳುತ್ತದೆ ನೋಡಿ.) ತಪ್ಪು ತೆಗೆಯಿರಿ, ಆದರೆ ದೃಶ್ಯ ಬಿಡಬೇಡಿ. ಚಿನ್ನು ಬೀದಿಯಿಡೀ ಬಜ್ಜಿ ಹುಡುಕಲಿ. “ಮೆಣಸಿನಕಾಯಿ ಇಲ್ವಾ?” ಅಂದರೆ ಅಂಗಡಿಯವನು ಕರಿಮೆಣಸಿನ ರಾಶಿ ತೋರಿಸಿ, “ಮೆಣಸು ಗೊತ್ತು, ಅದರ ಕಾಯಿ ಯಾವುದಪ್ಪಾ?” ಅನ್ನಲಿ. ತಿದ್ದಿದ ಮೇಲೆ ಮೊದಲಿಗಿಂತ ಜಾಸ್ತಿ ನಗು ಬಂತು, ಅಲ್ವಾ?

ಅದೇ ಅಂಗಡಿಯಲ್ಲಿ ಚಿನ್ನು ಐವತ್ತು ರೂಪಾಯಿ ನೋಟು ಕೊಡುತ್ತಾನೆ, ಅಂಗಡಿಯವನು ಬೈದು ಓಡಿಸುತ್ತಾನೆ. ಅಷ್ಟಕ್ಕೇ ಬಿಟ್ಟಿದ್ದೀರಿ. ಅಯ್ಯೋ, ಆ ನೋಟಿನ ಹಿಂದೆ ಇರುವುದೇ ಹಂಪಿಯ ಕಲ್ಲಿನ ರಥ! ಅದನ್ನು ವಿಠ್ಠಲ ದೇವಸ್ಥಾನದ ಶಿಲ್ಪಿಯ ಕೈಗೆ ಕೊಡಿ. ರಥದ ನೆತ್ತಿಯ ಮೇಲೆ ಹಿಂದೆ ಇಟ್ಟಿಗೆಯ ಗೋಪುರ ಇತ್ತು. 1856ರಲ್ಲಿ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದ ಫೋಟೋದಲ್ಲಿ ಕಾಣುತ್ತದೆ, ಈಗ ಇಲ್ಲ. ಶಿಲ್ಪಿ ನೋಟನ್ನು ತಿರುಗಿಸಿ ಮುರುಗಿಸಿ ನೋಡಿ, “ಬರೆದವನು ಚೆನ್ನಾಗೇ ಬರೆದಿದ್ದಾನೆ, ಮೇಲಿಂದು ಬಿಟ್ಟಿದ್ದಾನೆ, ಸೋಮಾರಿ” ಅಂದರೆ ಮಕ್ಕಳು ಏನು ಹೇಳುತ್ತಾರೆ? ಪುಟ್ಟಿ ಬಾಯಿ ತೆರೆಯುತ್ತಾಳೆ, ಚಿನ್ನು ಅವಳ ಕಾಲು ತುಳಿಯುತ್ತಾನೆ. ಅಷ್ಟು ಸಾಕು.

ಇಂಥದ್ದು ಎಲ್ಲಿ ಸಿಗುತ್ತದೆ ಅಂತ ಕೇಳಬಹುದು. ಆ ಕಾಲಕ್ಕೆ ಬಂದುಹೋದ ಪೋರ್ಚುಗೀಸರು ಬರೆದಿಟ್ಟಿದ್ದಾರೆ. ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವಿದೆ, ಓದಿ. ಕೃಷ್ಣದೇವರಾಯ ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೆಲ್ಲ ಎಣ್ಣೆ ಬಳಿದುಕೊಂಡು ಬೆವರಿಳಿಯುವವರೆಗೆ ಕಸರತ್ತು ಮಾಡುತ್ತಿದ್ದ ಎಂದು ಡೊಮಿಂಗೊ ಪಾಯಸ್ ಬರೆಯುತ್ತಾನೆ. ನಿಮ್ಮ ರಾಯರು ಕ್ಯಾಲೆಂಡರಿನ ಕಿರೀಟ ಇಟ್ಟುಕೊಂಡು ಸಿಂಹಾಸನದಿಂದ ಏಳುವುದೇ ಇಲ್ಲ. ತಿರುಮಲೆಯ ದೇವಸ್ಥಾನದಲ್ಲಿ ಅವರ ಕಂಚಿನ ವಿಗ್ರಹ ಇದೆ. ತಲೆಯ ಮೇಲೆ ಉದ್ದನೆಯ ಟೋಪಿ. ಪುಟ್ಟಿಗೆ ಅದು ಬೋರಲು ಹಾಕಿದ ಐಸ್‌ಕ್ರೀಂ ಕೋನ್ ತರಹ ಕಂಡರೆ ತಪ್ಪೇನಿಲ್ಲ.

ಪಾಯಸ್ ಹರಿಗೋಲಿನ ಬಗ್ಗೆಯೂ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೇರ ಹೋಗಲಾರದೆ ಸದಾ ಗರಗರ ತಿರುಗುತ್ತಿರುತ್ತದೆ. ಮೇಷ್ಟ್ರೇ, ನಿಮ್ಮ ಕಥೆಯಲ್ಲಿ ಕಾಲ ಓಡುವುದೇ ದುಂಡಗೆ ತಿರುಗುವುದರಿಂದ. ತುಂಗಭದ್ರೆಯ ನಡುವೆ ಹರಿಗೋಲು ತಿರುಗುತ್ತಿರುವಾಗ ಪುಟ್ಟಿ ಹೆದರಿ ಸುತ್ತು ಎಣಿಸಲು ಶುರುಮಾಡದೆ ಇರುತ್ತಾಳಾ? ನೀವು ಮಾತ್ರ ಅವರನ್ನು ‘ನದಿ ದಾಟಿದರು’ ಅಂತ ಎರಡೇ ಪದದಲ್ಲಿ ದಾಟಿಸಿದ್ದೀರಿ.

ಇನ್ನೊಂದು, ನ್ಯೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ ಹೇಳುವುದು. ವಿಜಯನಗರದ ಅರಸ ಸಾಳುವ ನರಸಿಂಹನಿಗೆ ಕುದುರೆ ಎಂದರೆ ಪ್ರಾಣವಂತೆ. ಹಡಗಿನಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ. ವ್ಯಾಪಾರಿ ಬಾಲ ತಂದು ತೋರಿಸಿದರೆ ಸಾಕು. ಅದು ರಾಯರಿಗಿಂತ ಹಿಂದಿನ ಮಾತು. ಆದರೆ ಲಾಯದ ಮುದುಕನೊಬ್ಬ ಈ ಕಥೆ ಹೇಳುತ್ತಾ ಮೂಲೆಯಲ್ಲಿದ್ದ ಹಳೇ ಪೆಟ್ಟಿಗೆ ತೆರೆದರೆ? ಬರೀ ಬಾಲಗಳು! ಅಡುಗೆಭಟ್ಟರ ಹೂಸು ಇದರ ಮುಂದೆ ಯಾವ ಲೆಕ್ಕ?

ಅಡುಗೆಭಟ್ಟರ ಹೊಟ್ಟೆ, ಕಾವಲುಗಾರನ ತೊದಲು, ಎರಡನ್ನೂ ತೆಗೆಯಿರಿ. ತೊದಲುವ ಮಗು ನಿಮ್ಮ ಕ್ಲಾಸಿನಲ್ಲೇ ಇರಬಹುದು, ಪುಸ್ತಕ ಅದರ ಕೈಗೂ ಹೋಗುತ್ತದೆ.

ತೆನಾಲಿ ರಾಮಕೃಷ್ಣನನ್ನೂ ಕಳಿಸಿಬಿಡಿ. ನೋವಾಗುತ್ತದೆ, ಗೊತ್ತು. ಆದರೆ ಏಳನೇ ಅಧ್ಯಾಯದಲ್ಲಿ ಅವನು ಬಂದ ಮೇಲೆ ಚಿನ್ನು, ಪುಟ್ಟಿ ಕೈಕಟ್ಟಿ ನಿಂತುಬಿಡುತ್ತಾರೆ. ಸಿಕ್ಕಿಹಾಕಿಕೊಂಡವರು ಅವರು, ಬಿಡಿಸಿಕೊಳ್ಳಬೇಕಾದವರೂ ಅವರೇ. ಕೊನೆಯ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ 1565ಕ್ಕೆ ಹಾರಿ ತಾಳಿಕೋಟೆಯ ಯುದ್ಧ ನಿಲ್ಲಿಸುವುದೂ ಬೇಡ. ನಿಲ್ಲಿಸಿದರೆ ಸುಳ್ಳಾಗುತ್ತದೆ. ನಿಲ್ಲಿಸದಿದ್ದರೆ ಇಷ್ಟು ಹೊತ್ತು ನಕ್ಕ ಮಗುವಿನ ಮುಂದೆ ಹೆಣಗಳ ರಾಶಿ.

ಭಾಷೆ ಬಗ್ಗೆ ಸ್ವಲ್ಪ. ಮಕ್ಕಳು “ನಾವೆಲ್ಲಿಗೆ ಬಂದಿರುವೆವು?” ಅನ್ನುವುದಿಲ್ಲ, “ಇದ್ಯಾವ ಊರೋ?” ಅಂತಾರೆ. ಮೂರನೇ ಕ್ಲಾಸಿನ ಮಗು ಈಗಷ್ಟೇ ಒತ್ತಕ್ಷರ ದಾಟಿ ಬಂದಿರುತ್ತದೆ. ‘ವೈಭವೋಪೇತ’ದ ಹತ್ತಿರ ನಮ್ಮ ಹುಡುಗಿಗೆ ಓದಲು ಕೊಟ್ಟೆ. ಮೂರು ಸಲ ಎಡವಿ ಪುಸ್ತಕ ಮಡಚಿಟ್ಟಳು. ಅಧ್ಯಾಯ ಆರೇಳು ಪುಟಕ್ಕೆ ಮುಗಿಯಲಿ, ಮಧ್ಯೆ ಚಿತ್ರಕ್ಕೆ ಜಾಗ ಬಿಡಿ. ಚಿತ್ರದಲ್ಲಿ ಕಾಣುವುದನ್ನು ಮತ್ತೆ ಬರೆಯಬೇಡಿ.

ಮೊದಲ ಮೂರು ಅಧ್ಯಾಯ ಮಾತ್ರ ಹೊಸದಾಗಿ ಬರೆದು ಕಳಿಸಿ. ಇಡೀ ಪುಸ್ತಕ ಈಗಲೇ ಬೇಡ. ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಮೂರನೇ ಪುಟದಲ್ಲಿ ಉಲ್ಟಾ ಅಂದರೆ ಎಡಕ್ಕೆ, ನಾಲ್ಕನೇ ಪುಟದಲ್ಲಿ ಬಲಕ್ಕೆ ಅಂತಿದೆ. ಒರಳು ಇರುವ ಮನೆ ಹುಡುಕಿ, ಯಾರಾದರೂ ಅಜ್ಜಿ ರುಬ್ಬುವಾಗ ಪಕ್ಕದಲ್ಲಿ ಕೂತು ನೋಡಿ, ಗುಂಡು ಯಾವ ಕಡೆ ತಿರುಗುತ್ತದೆ ಅಂತ. ಸಾಧ್ಯವಾದರೆ ನೀವೇ ನೂರು ಸುತ್ತು ತಿರುಗಿಸಿ, ರಟ್ಟೆ ಎಲ್ಲಿ ನೋಯುತ್ತದೆ ಅಂತ ನನಗೂ ಬರೆಯಿರಿ.

ನಿಮ್ಮ,
ಸಂಪಾದಕ