ಗದ್ದುಗೆಯ ಪ್ರಶ್ನೆ ವೇಗದ್ದಲ್ಲ

ಆತ್ಮೀಯರೇ,

‘ಬಿಟ್‌ಕಾಯಿನ್ ಗದ್ದುಗೆಗೆ ಹೊಸಬರ ಲಗ್ಗೆ’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯದ ವಹಿವಾಟುಗಳೆಲ್ಲ ದಾಖಲಾಗುವ ಬ್ಲಾಕ್‌ಚೈನನ್ನು ಊರಿನವರೆಲ್ಲರ ಮನೆಯಲ್ಲೂ ಒಂದೊಂದು ಪ್ರತಿ ಇರುವ ಲೆಕ್ಕದ ಪುಸ್ತಕಕ್ಕೆ ಹೋಲಿಸಿದ ಭಾಗದಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ. ಆದರೆ ಲೇಖನವನ್ನು ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಕಾರಣವನ್ನು ಮುಚ್ಚಿಡದೆ ಹೇಳುತ್ತೇನೆ.

ಹೊಸ ಡಿಜಿಟಲ್ ನಾಣ್ಯಗಳಲ್ಲಿ ವೇಗ ಹೆಚ್ಚು, ಶುಲ್ಕ ಕಡಿಮೆ, ಆದ್ದರಿಂದ ಅವು ಬಿಟ್‌ಕಾಯಿನ್ನಿನ ಸ್ಥಾನ ಹಿಡಿಯುತ್ತವೆ ಎಂಬುದು ನಿಮ್ಮ ವಾದ. ವೇಗವೇ ನಿರ್ಣಾಯಕವಾಗಿದ್ದರೆ ಈ ಪ್ರಶ್ನೆ ಎಂದೋ ಇತ್ಯರ್ಥವಾಗಬೇಕಿತ್ತು. 2011ರಲ್ಲೇ ಬಂದ ಲೈಟ್‌ಕಾಯಿನ್, ಬಿಟ್‌ಕಾಯಿನ್ನಿನಲ್ಲಿ ಸುಮಾರು 10 ನಿಮಿಷಕ್ಕೊಮ್ಮೆ ಸೇರುವ ಬ್ಲಾಕನ್ನು, ಅಂದರೆ ಲೆಕ್ಕದ ಪುಸ್ತಕದ ಹೊಸ ಪುಟವನ್ನು, ಎರಡೂವರೆ ನಿಮಿಷಕ್ಕೆ ಇಳಿಸಿತು; ಗದ್ದುಗೆ ಕದಲಲಿಲ್ಲ.

ಇದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷೆ ನಡೆದದ್ದು 2017ರ ಆಗಸ್ಟ್ 1ರಂದು. ಅದಕ್ಕೆ ನೀವು ಕೊಟ್ಟಿರುವುದು ಅರ್ಧ ಸಾಲು. ಒಂದು ಮೆಗಾಬೈಟಿನ ಬ್ಲಾಕ್ ಸಾಲದು ಎಂದವರು ಅಂದು ಎಂಟು ಮೆಗಾಬೈಟಿನ ಮಿತಿಯೊಡನೆ ಬಿಟ್‌ಕಾಯಿನ್ ಕ್ಯಾಶ್ ಎಂಬ ಕವಲನ್ನು, ಅಂದರೆ ಬೇರೆ ನಿಯಮದ ಪ್ರತ್ಯೇಕ ನಾಣ್ಯವನ್ನು, ತೆಗೆದರು. ಅಲ್ಲಿಯವರೆಗಿನ ಲೆಕ್ಕವೆಲ್ಲ ಎರಡಕ್ಕೂ ಒಂದೇ ಆಗಿದ್ದರಿಂದ, ಒಂದು ಬಿಟ್‌ಕಾಯಿನ್ ಇದ್ದವರಿಗೆ ಹೊಸದೂ ಒಂದು ದಕ್ಕಿತು, ಒಟ್ಟು ನಾಣ್ಯಗಳು 2.1 ಕೋಟಿ ಮೀರಬಾರದೆಂಬ ಮಿತಿಯೂ ಬದಲಾಗಲಿಲ್ಲ. ಒಂದೇ ಚರಿತ್ರೆ, ಅದೇ ಒಡೆಯರು, ಮೇಲಾಗಿ ಹೆಚ್ಚಿನ ಜಾಗ. ಆದರೂ ಮಾರುಕಟ್ಟೆ ಹಳೆಯದಕ್ಕೇ ಹೆಚ್ಚು ಬೆಲೆ ಕಟ್ಟಿತು. 2018ರ ನವೆಂಬರಿನಲ್ಲಿ ಕವಲೇ ಮತ್ತೆ ಕವಲೊಡೆಯಿತು. ಬಿಟ್‌ಕಾಯಿನ್ನಿನ ನಿಯಮ ಸುಲಭವಾಗಿ ಬದಲಾಗದಿರುವುದನ್ನು ನೀವು ದೋಷವೆಂದು ಬರೆದಿದ್ದೀರಿ. ಜನ ಹಣವಿಟ್ಟು ನಂಬಿದ್ದು ಅದನ್ನೇ ಎಂದು ನನಗನ್ನಿಸುತ್ತದೆ. ನಿಮ್ಮ ಲೇಖನ ಇಲ್ಲಿಂದಲೇ ಆರಂಭವಾಗಲಿ.

ಮೂರನೆಯ ಪುಟದಲ್ಲಿರುವ ‘ಹತ್ತು ರೂಪಾಯಿಗೆ ಸಿಗುವ ಡಿಜಿಟಲ್ ನಾಣ್ಯಕ್ಕೆ ಬೆಳೆಯಲು ಹೆಚ್ಚು ಅವಕಾಶವಿದೆ’ ಎಂಬ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಒಂದು ಹೋಳಿಗೆಯನ್ನು ಎರಡರ ಬದಲು ಎಂಟು ತುಂಡು ಮಾಡಿದರೆ ತುಂಡು ಚಿಕ್ಕದಾಗುತ್ತದೆ, ಹೋಳಿಗೆ ಅಗ್ಗವಾಗುವುದಿಲ್ಲ; ನಾಣ್ಯಗಳ ಸಂಖ್ಯೆಗೂ ಬಿಡಿ ಬೆಲೆಗೂ ಇದೇ ಲೆಕ್ಕ. 2022ರ ಮೇ ತಿಂಗಳಲ್ಲಿ ಲೂನಾ ಎಂಬ ಡಿಜಿಟಲ್ ನಾಣ್ಯಗಳ ಸಂಖ್ಯೆ ಕೆಲವೇ ದಿನಗಳಲ್ಲಿ ಲಕ್ಷ ಕೋಟಿಗಳಿಗೆ ಏರಿ, ಒಂದೊಂದರ ಬೆಲೆ ಹೆಚ್ಚುಕಡಿಮೆ ಸೊನ್ನೆಗೆ ಇಳಿದದ್ದು ನಿಮಗೆ ನೆನಪಿರಬೇಕು. ಇಂಥ ಒಂದು ಸಾಲನ್ನು ನಂಬಿ ಓದುಗರೊಬ್ಬರು ಮಗಳ ಓದಿಗೆಂದು ಕೂಡಿಟ್ಟ ಹಣವನ್ನು ಹಾಕಿಬಿಟ್ಟರೆ ಅದರ ಹೊಣೆ ನಮ್ಮಿಬ್ಬರದೂ ಆಗುತ್ತದೆ.

ಇಥೀರಿಯಮ್ಮನ್ನು ಪ್ರತಿಸ್ಪರ್ಧಿಗಳ ಸಾಲಿನಲ್ಲಿ ನಿಲ್ಲಿಸುವ ಮುನ್ನ ಯೋಚಿಸಿ. ಕರಾರುಗಳನ್ನು ತಾನಾಗಿ ನಡೆಸುವ ವೇದಿಕೆಯಾಗಿ ಹುಟ್ಟಿದ ಅದರ ಕೆಲಸವೇ ಬೇರೆ.

ನಿಮ್ಮ ಪಕ್ಷಕ್ಕೆ ನಿಜವಾಗಿ ಬಲ ಕೊಡಬಲ್ಲ ಅಂಶವೇ ಲೇಖನದಲ್ಲಿಲ್ಲ. ಬಿಟ್‌ಕಾಯಿನ್ನಿನ ಪ್ರತಿ ಬ್ಲಾಕಿಗೆ ಗಣಿಗಾರರಿಗೆ, ಅಂದರೆ ಕಂಪ್ಯೂಟರ್ ಓಡಿಸಿ ಹೊಸ ಬ್ಲಾಕ್ ಸೇರಿಸುವವರಿಗೆ, ಸಿಗುವ ಹೊಸ ನಾಣ್ಯಗಳು 2009ರಲ್ಲಿ 50 ಇದ್ದವು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲಿನಲ್ಲಿ 3.125ಕ್ಕೆ ಇಳಿದವು. ಈ ಆದಾಯ ಬತ್ತಿದ ಮೇಲೆ ಬರಿಯ ಶುಲ್ಕದಿಂದ ಜಾಲದ ಕಾವಲು ನಡೆದೀತೇ? ಹೊಸಬರಿಗೆ ದಾರಿ ತೆರೆಯುವುದಾದರೆ ಇಲ್ಲಿಯೇ ತೆರೆದೀತು. ವಿದ್ಯುತ್ ಬಳಕೆಯ ಕುರಿತ ಕೊನೆಯ ಪುಟವನ್ನು ಕೈಬಿಟ್ಟು, ಆ ಜಾಗದಲ್ಲಿ ಇದನ್ನು ಬರೆದು ಕಳುಹಿಸಿ. ಮತ್ತೆ ಓದಲು ಕಾದಿರುತ್ತೇನೆ.

ಇಂತು,
ಸಂಪಾದಕ