ರಿಜಿಸ್ಟರಿಗೆ ಸಿಗದ ಕೂಸುಗಳು

ಪ್ರಶ್ನೆ: ಒಬ್ಬ ಹೆಣ್ಣುಮಗಳಿಗೆ ಸರಾಸರಿ 2.1ಕ್ಕಿಂತ ಕಡಿಮಿ ಮಕ್ಕಳಾದ್ರ ದೇಶದ ಜನಸಂಖ್ಯೆ ಮುಂದ ಇಳೀತದ ಅಂತಾರ. ನಮ್ಮೂರ ಜನನ ರಿಜಿಸ್ಟರ್ ಹಿಡಿದು ಲೆಕ್ಕ ಹಾಕಿದ್ರ 0.9 ಬಂತು. ಅಂಗನವಾಡ್ಯಾಗ ನೋಡಿದ್ರ ಕೂಡಾಕ ಜಾಗಿಲ್ಲ. ತಪ್ಪೆಲ್ಲಿ ಆಗ್ಯಾದ್ರಿ?
– ಓದುಗರು, ಶಹಾಪುರ ತಾಲ್ಲೂಕು

ಉತ್ತರ: ನಿಮ್ಮ ಗಣಿತ ಸರಿ ಇದ್ದೀತು, ಹಿಡಿದ ರಿಜಿಸ್ಟರ್ ಸರಿಯಲ್ಲ. ಜನನ ನೋಂದಣಿ ಆಗುವುದು ಕೂಸು ಹುಟ್ಟಿದ ಜಾಗದಲ್ಲಿ. ನಿಮ್ಮೂರ ಸೊಸೆ ಕಲಬುರಗಿಯ ಆಸ್ಪತ್ರೆಯಲ್ಲಿ ಹಡೆದರೆ ಆ ಕೂಸು ಕಲಬುರಗಿಯ ಲೆಕ್ಕಕ್ಕೆ. ಚೊಚ್ಚಲಿಗೆ ತವರಿಗೆ ಹೋದವಳದು, ಗುಳೆ ಹೋಗಿ ಬೆಂಗಳೂರಲ್ಲಿ ಹೆತ್ತವಳದು ಇದೇ ಕಥೆ. ತಾಯಂದಿರು ಮಾತ್ರ ನಿಮ್ಮೂರ ಪಟ್ಟಿಯಲ್ಲೇ ಇರುತ್ತಾರೆ.

ಆಶಾ ಕಾರ್ಯಕರ್ತೆಯ ಮನೆ-ಮನೆ ಪಟ್ಟಿಯಿಂದ ಶುರು ಮಾಡಿ. 15ರಿಂದ 49 ವಯಸ್ಸಿನ ಹೆಂಗಸರನ್ನು ಐದೈದು ವರ್ಷದ ಏಳು ಗುಂಪು ಮಾಡಿ. ಮದುವೆಯಾಗದವರನ್ನೂ ಸೇರಿಸಬೇಕು, ಅರ್ಹ ದಂಪತಿಗಳ (ಹೆರುವ ವಯಸ್ಸಿನ ಮದುವೆಯಾದವರ) ಪಟ್ಟಿಯಷ್ಟನ್ನೇ ಹಿಡಿದರೆ ಅಂಕಿ ಸುಮ್ಮನೆ ಉಬ್ಬುತ್ತದೆ. ಎಲ್ಲೇ ಹಡೆದಿರಲಿ, ಆ ವರ್ಷ ಪ್ರತಿ ಗುಂಪಿನಲ್ಲಿ ಹುಟ್ಟಿದ ಕೂಸುಗಳನ್ನು ಆ ಗುಂಪಿನ ಹೆಂಗಸರ ಸಂಖ್ಯೆಯಿಂದ ಭಾಗಿಸಿ. ಏಳೂ ಉತ್ತರ ಕೂಡಿಸಿ, ಐದರಿಂದ ಗುಣಿಸಿ. ಉದಾಹರಣೆಗೆ 0.04, 0.14, 0.11, 0.04, 0.01, ಕೊನೆಯ ಎರಡು ಸೊನ್ನೆ: ಮೊತ್ತ 0.34, ಐದರಿಂದ ಗುಣಿಸಿದರೆ 1.7. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿಯೂ 1.7, ದೇಶದ್ದು 2.0.

ಒಂದೇ ವರ್ಷದ ಲೆಕ್ಕ ನಂಬಬೇಡಿ. 40 ಹೆಂಗಸರ ಗುಂಪಿನಲ್ಲಿ ಒಂದು ಕೂಸು ಹೆಚ್ಚಾದರೂ ಕೊನೆಯ ಅಂಕಿ 0.125 ಏರುತ್ತದೆ. ಮೂರು ವರ್ಷದ್ದು ತೆಗೆದುಕೊಂಡು ಸರಾಸರಿ ಮಾಡಿ.

ಇನ್ನು ಅಂಗನವಾಡಿ. ಸರಿಯಾಗಿ ಲೆಕ್ಕ ಹಾಕಿ 2.1ಕ್ಕಿಂತ ಕಡಿಮೆ ಬಂದರೂ ಅದು ತುಂಬಿರಬಹುದು. ಹೆರುವ ವಯಸ್ಸಿನವರೇ ಊರಲ್ಲಿ ಹೆಚ್ಚಿದ್ದರೆ ಒಬ್ಬೊಬ್ಬರು ಕಡಿಮೆ ಹೆತ್ತರೂ ಒಟ್ಟು ಕೂಸುಗಳು ಹೆಚ್ಚೇ. 2001–2011ರಲ್ಲಿ ನಿಮ್ಮ ಯಾದಗಿರಿ ಜಿಲ್ಲೆಯ ಜನಸಂಖ್ಯೆ ಶೇ 22ಕ್ಕೂ ಹೆಚ್ಚು ಬೆಳೆದರೆ, ಚಿಕ್ಕಮಗಳೂರಿನದು ತುಸು ಕುಗ್ಗಿತು. ರಾಜ್ಯದ ಒಂದೇ ಅಂಕಿ ಹಿಡಿದು ಶಾಲೆ ಮುಚ್ಚುವ ಮಾತಾಡುವವರಿಗೆ ಇದು ಕಾಣುವುದಿಲ್ಲ.

ಪ್ರಶ್ನೆ: ಮಕ್ಕಳು ಕಡಿಮಿ ಆದ್ರ ರಾಜ್ಯದ ಲೋಕಸಭಾ ಸೀಟೂ ಕಡಿಮಿ ಆಗ್ತಾವಂತ, ಖರೇನ್ರಿ?
– ಓದುಗರು, ಬೀದರ್

ಉತ್ತರ: ಭಯಕ್ಕೆ ಕಾರಣವಿದೆ. ನಮ್ಮ 28 ಸ್ಥಾನ ನಿಂತಿರುವುದು 1971ರ ಜನಗಣತಿಯ ಮೇಲೆ. 1976ರ ಸಂವಿಧಾನದ 42ನೇ ತಿದ್ದುಪಡಿ ಈ ಹಂಚಿಕೆಗೆ ಬೀಗ ಹಾಕಿತು. 84ನೇ ತಿದ್ದುಪಡಿ ಆ ಬೀಗವನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಒಟ್ಟು ಸ್ಥಾನ ಅಷ್ಟೇ ಇಟ್ಟು ಹೊಸ ಜನಸಂಖ್ಯೆಯಂತೆ ಹಂಚಿದರೆ, ಮೊದಲೇ ಸಂಸಾರ ಚಿಕ್ಕದು ಮಾಡಿಕೊಂಡ ರಾಜ್ಯಗಳ ಪಾಲು ಇಳಿಯುತ್ತದೆ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವಲ್ಲಿ ಸ್ವಲ್ಪ ಬೇರೆ: 15ನೇ ಹಣಕಾಸು ಆಯೋಗ ಜನನ ತಗ್ಗಿಸಿದ್ದಕ್ಕೆಂದೇ ಶೇ 12.5 ತೂಕ ಕೊಟ್ಟಿತ್ತು.